ಹಾಸಿಗೆ ಹಿಡಿದವರ ಮನೆಗೆ ಹೋಗುವವರಿಗೆ

ನಮ್ಮದು ಗದಗ-ಬೆಟಗೇರಿ. ನಾನು ನರ್ಸ್ ಆಗಿದ್ದು ನಿವೃತ್ತಿಯಾದವಳು. ಈಗ ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಕ್ಕಳು, ಕೆಲವು ಹುಡುಗರು ಸೇರಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುತ್ತೇವೆ. ಲಕ್ವಾ ಹೊಡೆದವರು, ಕ್ಯಾನ್ಸರ್ ಕೊನೆ ಹಂತಕ್ಕೆ ಬಂದವರು, ವಯಸ್ಸಾಗಿ ಎದ್ದು ಓಡಾಡಲಾಗದವರು. ಬೇರೆ ಊರಿನ ಸಭೆಗಳವರು "ನಾವೂ ಶುರು ಮಾಡಬೇಕಂತೀವ್ರೀ, ಹೆಂಗ ಮಾಡೂದು ಹೇಳ್ರಿ" ಎಂದು ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆದಿದ್ದೇನೆ.

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ, ಅದಕ್ಕೇ ಪ್ರತಿ ಜೀವಕ್ಕೂ ಬೆಲೆ ಇದೆ ಎಂದು ನಾವು ಭಾನುವಾರ ಕೇಳುತ್ತೇವೆ. ನಾನೂ ಅದನ್ನು ಪೂರ್ತಿ ನಂಬಿದವಳು. ಆದರೆ ವರ್ಷಗಟ್ಟಲೆ ಒಂದೇ ಗೋಡೆ ನೋಡುತ್ತಾ ಮಲಗಿದ ಅಜ್ಜಿಗೆ ಆ ಬೆಲೆ ಗೊತ್ತಾಗುವುದು ಹೇಗೆ? ಯಾರೋ ಬಂದು ಮಗ್ಗುಲು ಹೊರಳಿಸಿದಾಗ. ಒಣಗಿದ ಬಾಯಿ ಒರೆಸಿದಾಗ. ಕೋಣೆಗೆ ಬಂದವರು ಸೊಸೆಯನ್ನು ಕೇಳದೆ, ನೇರ ತನ್ನ ಮುಖ ನೋಡಿ "ಹೆಂಗದೀರಿ" ಅಂದಾಗ. ನಮ್ಮ ಕೆಲಸ ಇಷ್ಟೇ. ಇದಕ್ಕೆ ದೊಡ್ಡ ಭಾಷಣ ಬೇಡ, ಕೈ ಬೇಕು.

ಒಳ್ಳೇ ಸಮಾರ್ಯದವನ ಕಥೆಯನ್ನು ಲೂಕನ ಸುವಾರ್ತೆಯಲ್ಲಿ ಇನ್ನೊಂದು ಸಲ ನಿಧಾನವಾಗಿ ಓದಿ. ಅವನು ಮಾಡಿದ ಕೆಲಸಗಳನ್ನು ಒಂದೊಂದಾಗಿ ಗಮನಿಸಿ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿದ. ಛತ್ರಕ್ಕೆ ಕರೆತಂದು ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಆ ಕೊನೆಯ ಮಾತು ನನಗೆ ಬಹಳ ಮುಖ್ಯ. ಅವನು ತಿರುಗಿ ಬರುವವನಿದ್ದ. ಬಿದ್ದವನ ಕುಲ ಯಾವುದು, ದೇವರು ಯಾರು ಎಂದು ಎಲ್ಲೂ ಕೇಳಲಿಲ್ಲ. ಒಂದು ದಿನ ಹಣ್ಣು ಹಂಪಲು ಕೊಟ್ಟು, ಫೋಟೋ ತೆಗೆಸಿಕೊಂಡು, ಮತ್ತೆ ಆ ಕಡೆ ತಲೆ ಹಾಕದ ಭೇಟಿಗಳಿಂದ ರೋಗಿಗೆ ಇನ್ನೂ ಜಾಸ್ತಿ ನೋವಾಗುತ್ತದೆ. ಹಾಗಾಗಿ ತಿರುಗಿ ಹೋಗಲು ಆಗುವಷ್ಟು ಮನೆಗಳನ್ನು ಮಾತ್ರ ಹಿಡಿಯಿರಿ. ಎರಡೇ ಮನೆಯಾದರೂ ಚಿಂತೆ ಇಲ್ಲ. ಗುರುವಾರ ನಾಲ್ಕಕ್ಕೆ ಎಂದರೆ ಗುರುವಾರ ನಾಲ್ಕಕ್ಕೇ ಹೋಗಿ. ಮಲಗಿದವರು ಬೆಳಗಿನಿಂದ ಬಾಗಿಲ ಕಡೆ ನೋಡುತ್ತಿರುತ್ತಾರೆ.

ಹೋಗುವ ಮುಂಚೆ

ಇಬ್ಬರಿಬ್ಬರು ಹೋಗಿ. ಹೆಣ್ಣುಮಕ್ಕಳ ಮೈ ತೊಳೆಯುವುದು, ಬಟ್ಟೆ ಬದಲಿಸುವುದು ಹೆಣ್ಣುಮಕ್ಕಳೇ ಮಾಡಬೇಕು. ಗಂಡಸರಿಗೆ ಗಂಡಸರು. ಆ ಭಾಗದ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿಗೂ ಮೊದಲೇ ಹೇಳಿಡಿ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಆಶಾ ಅಕ್ಕನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಚೀಲದಲ್ಲಿ ಕೈಗವಸು, ಮಾಸ್ಕ್, ಸೋಪು, ಹಳೇ ಮೆತ್ತನೆ ಕಾಟನ್ ಬಟ್ಟೆ, ಉಗುರು ಕತ್ತರಿ, ಕೊಬ್ಬರಿ ಎಣ್ಣೆ, ಒಂದು ನೋಟ್‌ಬುಕ್ ಇರಲಿ. ಒಳಗೆ ಹೋದ ಕೂಡಲೇ ಕೈ ತೊಳೆಯಿರಿ, ಹೊರಡುವಾಗ ಮತ್ತೆ ತೊಳೆಯಿರಿ.

ನೀವು ನರ್ಸ್ ಅಲ್ಲದಿದ್ದರೆ ಇಂಜೆಕ್ಷನ್, ಸಲೈನ್ ಮುಟ್ಟಬೇಡಿ. ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. "ಪ್ರಾರ್ಥನೆ ಮಾಡೀವಿ, ಇನ್ನ ಗುಳಿಗಿ ಬ್ಯಾಡ" ಎಂದು ಹೇಳುವವರನ್ನು ನಿಮ್ಮ ಗುಂಪಿಗೆ ಸೇರಿಸಲೇ ಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯ, ಫಿಟ್ಸಿನ ಔಷಧಿ ಹಾಗೆ ನಿಲ್ಲಿಸಿದರೆ ಜೀವವೇ ಹೋಗಬಹುದು. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ದವಾಖಾನೆ ನಡೆಸಿದ್ದು, ನಮ್ಮ ಹಿರಿಯರು ಅದನ್ನು ಜರ್ಮನ್ ದವಾಖಾನೆ ಎಂದು ಕರೆದದ್ದು ಊರಿಗೆಲ್ಲ ಗೊತ್ತು. ಪ್ರಾರ್ಥನೆ ಮಾಡುವವರೇ ಔಷಧಿಯನ್ನೂ ಕೊಟ್ಟರು.

ಆ ಮನೆಯಲ್ಲಿ ಕಂಡದ್ದನ್ನು ಹೊರಗೆ ಹೇಳಬೇಡಿ. ನಮ್ಮ ಸಭೆಗಳಲ್ಲಿ ಇದೊಂದು ಕೆಟ್ಟ ರೂಢಿ ಇದೆ. ಪ್ರಾರ್ಥನೆಗೆ ಬೇಡಿಕೆ ಎಂಬ ನೆಪದಲ್ಲಿ ಯಾರದೋ ಗರ್ಭಕೋಶದ ಕ್ಯಾನ್ಸರ್, ಯಾರದೋ ಎಚ್‌ಐವಿ ಮೈಕಿನಲ್ಲಿ ಬಂದುಬಿಡುತ್ತದೆ, ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಹೆಸರೂ ಹೇಳಬಾರದು, ರೋಗವೂ ಹೇಳಬಾರದು. ದೇವರಿಗೆ ವಿಳಾಸ ಕೊಡಬೇಕಾಗಿಲ್ಲ ಅಲ್ವಾ?

ಒಳಗೆ ಹೋದ ಮೇಲೆ

ಮೊದಲು ಹೆಸರು ಹಿಡಿದು, ಅಥವಾ ಅಜ್ಜಾರ, ಅಕ್ಕಾರ, ಕಾಕಾರ ಎಂದು ಮಾತಾಡಿಸಿ. ನಿಂತು ಮಾತಾಡಬೇಡಿ. ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಿ. ನೆಲದ ಮೇಲೆ ಮಲಗಿದ್ದರೆ ನೆಲದ ಮೇಲೇ ಕುಳಿತುಕೊಳ್ಳಿ. ಲಕ್ವಾ ಹೊಡೆದು ಮಾತು ಹೋದವರಿಗೂ ಹೆಚ್ಚಿನಂಶ ಎಲ್ಲ ಅರ್ಥವಾಗುತ್ತಿರುತ್ತದೆ. ಅವರ ಎದುರಿಗೇ ಮನೆಯವರ ಹತ್ತಿರ "ಸಂಡಾಸಿಗೆಲ್ಲಾ ಹಾಸಿಗ್ಯಾಗ ಏನ್ರೀ" ಎಂದು ಕೇಳಬೇಡಿ. ಕೇಳಲೇಬೇಕಾದರೆ ಅವರನ್ನೇ ಕೇಳಿ, ಹೌದು ಎಂದರೆ ಕೈ ಒತ್ತಿ ಎನ್ನಿ.

ನಮ್ಮ ಕಡೆ ಒಬ್ಬ ನೇಕಾರ ಅಜ್ಜ ಇದ್ದರು. ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಯಾರು ಹೋದರೂ ಮುಖ ಗೋಡೆ ಕಡೆ ತಿರುಗಿಸಿಬಿಡುತ್ತಿದ್ದರು. ನಮ್ಮ ಜೊತೆ ಬರುವ ಒಬ್ಬ ಹುಡುಗಿ ಒಂದು ದಿನ ಕೈಮಗ್ಗದ ಇಳಕಲ್ ಸೀರೆ ತಂದು, ಅದರ ಅಂಚನ್ನು ಅವರ ಎಡಗೈಗೆ ಕೊಟ್ಟು "ಅಜ್ಜಾರ, ಇದು ಮಗ್ಗದ್ದೋ ಮಷಿನ್ನಿಂದೋ ನೋಡಿ ಹೇಳ್ರಿ, ನನಗ ಗೊತ್ತಾಗವಲ್ದು" ಎಂದಳು. ಅಜ್ಜ ಸೀರೆಯನ್ನು ಹೆಬ್ಬೆರಳಿನಿಂದ ತೀಡಿದರು. ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ಸೆರಗು ಜೋಡಿಸಿದ ಜಾಗ ಹುಡುಕಿ ಅಲ್ಲಿ ಬೆರಳಿಟ್ಟು ತಲೆ ಆಡಿಸಿದರು. ಆ ಜೋಡಣೆಯನ್ನು ಕೈಯಲ್ಲೇ ಮಾಡುವುದು, ಅದೇ ಗುರುತು ಎಂದು ಮಗ ಆಮೇಲೆ ಬಿಡಿಸಿ ಹೇಳಿದ. ಆ ದಿನದಿಂದ ಅಜ್ಜ ನಮ್ಮ ಕಡೆ ಮುಖ ಮಾಡಿ ಮಲಗತೊಡಗಿದರು. ರೋಗಿಗೆ ಏನಾದರೂ ಕೊಡುವುದು ಒಂದು ಕಡೆ ಇರಲಿ, ಅವರಿಂದ ಏನಾದರೂ ಕೇಳಿ ಪಡೆಯಿರಿ. ಕರಿದಂಟಿನ ಪಾಕದ ಹದ, ಹೊಲದ ಬಿತ್ತನೆಯ ಮಾತು, ಹಳೇ ಕೀರ್ತನೆಯ ರಾಗ, ಏನಾದರೂ. ಅವರಿಗೆ ಗೊತ್ತಿದ್ದದ್ದು ರೋಗದಿಂದ ಅಳಿಸಿಹೋಗಿಲ್ಲ.

ಸೊಸೆ, ಮಗಳು, ಹೆಂಡತಿ, ಆರೈಕೆ ಮಾಡುವವರು ಯಾರೋ ಅವರ ಕಡೆ ಅಷ್ಟೇ ಗಮನ ಕೊಡಿ. ಬಂದವರೆಲ್ಲ ರೋಗಿಯ ಯೋಗಕ್ಷೇಮ ಕೇಳಿ, ಹೋಗುವಾಗ "ಚಲೋತ್ನ್ಯಾಗಿ ನೋಡ್ಕೋ" ಎಂದು ಆಕೆಗೆ ಬುದ್ಧಿ ಹೇಳಿ ಹೋಗುತ್ತಾರೆ. ಆಕೆ ರಾತ್ರಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಯಾರೂ ಕೇಳುವುದಿಲ್ಲ. "ನೀವು ಉಂಡ್ರ್ಯಾ?" ಎಂದು ಕೇಳಿ. ಎರಡು ತಾಸು ನಾವು ಇರುತ್ತೇವೆ, ನೀವು ಮಲಗಿ, ಇಲ್ಲ ಸಂತೆಗೆ ಹೋಗಿ ಬನ್ನಿ ಎನ್ನಿ. ನಿಮ್ಮ ಹತ್ತಿರ ಬೇರೆ ಏನೂ ಕೊಡಲು ಇಲ್ಲದಿದ್ದರೂ ಈ ಎರಡು ತಾಸು ಇದೆ. ನನ್ನ ಕೇಳಿದರೆ ನಾವು ಮಾಡುವ ಎಲ್ಲ ಸೇವೆಯಲ್ಲಿ ಇದೇ ದೊಡ್ಡದು.

ಮಗ್ಗುಲು ಹೊರಳಿಸುವುದು

ಒಂದೇ ಕಡೆ ಮಲಗಿದರೆ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಕೊಂಡು ರಕ್ತ ಓಡುವುದಿಲ್ಲ. ಕೆಲವೇ ತಾಸಿನಲ್ಲಿ ಚರ್ಮ ಸಾಯತೊಡಗುತ್ತದೆ. ಅದೇ ಬೆಡ್ ಸೋರ್. ಹೊರಗೆ ರೂಪಾಯಿಯಷ್ಟು ಕಂಡರೂ ಒಳಗೆ ಎಲುಬಿನ ತನಕ ಹೋಗಿರಬಹುದು. ಕುಂಡಿಯ ಮೇಲಿನ ಎಲುಬು, ಸೊಂಟದ ಎರಡೂ ಬದಿ, ಹಿಮ್ಮಡಿ, ಭುಜದ ಹಿಂಭಾಗ, ಮೊಣಕೈ, ತಲೆಯ ಹಿಂದೆ ದಿನಾ ನೋಡಬೇಕು. ಬೆರಳಿನಿಂದ ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಹಾಗಾಗಿ ಕೈ ಇಟ್ಟು ನೋಡಿ. ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಇಲ್ಲ ಮೆತ್ತಗೆ ಕೊಳೆತ ಹಾಗಿದೆಯಾ? ಅಂಥ ಜಾಗವನ್ನು ತಿಕ್ಕಿ ಮಾಲೀಷು ಮಾಡಬೇಡಿ. ಒಳಗಿನ ಚರ್ಮ ಇನ್ನೂ ಹರಿಯುತ್ತದೆ. ಸ್ಪಿರಿಟ್ ಹಚ್ಚುವುದೂ ಬೇಡ, ಪೌಡರ್ ಸುರಿಯುವುದೂ ಬೇಡ, ನಡುವೆ ತೂತಿರುವ ರಿಂಗ್ ದಿಂಬೂ ಬೇಡ.

ಹೊರಳಿಸುವುದನ್ನು ಸರಿಯಾಗಿ ಕಲಿಯಿರಿ. ಒಂದು ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಭುಜದಿಂದ ತೊಡೆಯ ತನಕ ಬರುವಂತೆ ಕೆಳಗೆ ಹಾಕಿಡಿ. ಇಬ್ಬರು ಎರಡು ಬದಿಗೆ ನಿಲ್ಲಿ. ಅಂಚುಗಳನ್ನು ಮೈ ಹತ್ತಿರದ ತನಕ ಸುರುಳಿ ಸುತ್ತಿ ಗಟ್ಟಿ ಹಿಡಿಯಿರಿ. "ಅವ್ವಾ, ಈಗ ನಿಮ್ಮನ್ನ ನನ್ನ ಕಡೆ ಹೊಳ್ಳಸ್ತೀವಿ" ಎಂದು ಮೊದಲೇ ಹೇಳಿ. ಹೇಳದೆ ಮುಟ್ಟಿದರೆ ಬೀಳುತ್ತೇನೆಂದು ಹೆದರಿ ಮೈ ಬಿಗಿ ಮಾಡುತ್ತಾರೆ, ಆಗ ಭಾರ ಜಾಸ್ತಿ. ಒಂದು, ಎರಡು, ಮೂರು ಎಂದು ಒಟ್ಟಿಗೇ ಸ್ವಲ್ಪ ಎತ್ತಿ, ಹೊರಳಿಸುವ ಕಡೆಗೆ ಎದುರಿನ ಅಂಚಿಗೆ ಸರಿಸಿ. ಎಳೆದಾಡಬೇಡಿ, ಎಳೆದರೆ ಚರ್ಮ ಕಿತ್ತು ಬರುತ್ತದೆ. ಆಮೇಲೆ ಆಚೆಯ ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಹಿಡಿದು ನಿಮ್ಮ ಕಡೆ ತಿರುಗಿಸಿ. ಬೆನ್ನ ಹಿಂದೆ ಒಂದು ದಿಂಬು ಕೊಡಿ. ಪೂರ್ತಿ ಮಗ್ಗುಲಾಗಬಾರದು, ಸ್ವಲ್ಪ ಓರೆಯಾದರೆ ಸಾಕು. ಎರಡು ಮೊಣಕಾಲುಗಳ ನಡುವೆ ಇನ್ನೊಂದು ದಿಂಬು. ಮೀನಗಂಡದ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಶೀಟಿನ ಸುಕ್ಕು ಬಿಡಿಸಿ, ರೊಟ್ಟಿ ಚೂರು ಬಿದ್ದಿದ್ದರೆ ಕೊಡವಿ.

ಎರಡು ತಾಸಿಗೊಮ್ಮೆ ಹೀಗೆ ಆಗಬೇಕು. ನೀವು ವಾರಕ್ಕೊಮ್ಮೆ ಹೋಗುವವರು, ದಿನವೆಲ್ಲ ಮಾಡುವವರು ಮನೆಯವರು. ಆದ್ದರಿಂದ ಮಾಡಿ ತೋರಿಸಿ, ಆಮೇಲೆ ಅವರ ಕೈಯಲ್ಲಿ ಮಾಡಿಸಿ. ಪಕ್ಕದ ಮನೆಯ ಹುಡುಗನಿಗೂ ಕಲಿಸಿ. ಸಭೆಯಿಂದ ಒಂದೆರಡು ಏರ್ ಬೆಡ್ ಕೊಂಡಿಟ್ಟರೆ ಮನೆಯಿಂದ ಮನೆಗೆ ಉಪಯೋಗಕ್ಕೆ ಬರುತ್ತವೆ. ಏರ್ ಬೆಡ್ ಇದ್ದರೂ ಹೊರಳಿಸುವುದು ತಪ್ಪಬಾರದು. ಯೂರಿನ್ ಪೈಪು ಹಾಕಿದ್ದರೆ ಅದರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಹೊರಳಿಸುವಾಗ ಚೀಲವನ್ನು ಹೊಟ್ಟೆ ಮೇಲೆ ಇಟ್ಟು ಮರೆತುಬಿಡುತ್ತಾರೆ, ಮೂತ್ರ ಒಳಕ್ಕೆ ವಾಪಸ್ ಹರಿದು ಸೋಂಕಾಗುತ್ತದೆ.

ಹುಣ್ಣು ದೊಡ್ಡದಾಗಿ ವಾಸನೆ ಬರುತ್ತಿದ್ದರೆ ಮೂಗಿಗೆ ಸೆರಗು ಹಿಡಿಯಬೇಡಿ. ರೋಗಿ ಅದನ್ನೇ ನೋಡುತ್ತಿರುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಕುಷ್ಠರೋಗಿ ಬಂದಾಗ ಯೇಸು ಮಾತಾಡುವ ಮೊದಲೇ ಕೈ ಚಾಚಿ ಮುಟ್ಟಿದ. ದೂರದಿಂದಲೂ ಗುಣ ಮಾಡಬಹುದಿತ್ತು, ಮುಟ್ಟಿದ. ವಾಸನೆಗೆ ಔಷಧಿ ಇದೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿಗೆ ಹಾಕಿದರೆ ವಾಸನೆ ಬಹಳ ಕಡಿಮೆಯಾಗುತ್ತದೆ. ಆದರೆ ಅದನ್ನು ನರ್ಸ್ ನೋಡಿ ಹೇಳಬೇಕು.

ಬಾಯಿ ಮತ್ತು ಊಟ

ಬಾಯಿ ಸ್ವಚ್ಛ ಇದ್ದರೆ ಅರ್ಧ ಸಂಕಟ ಇಳಿಯುತ್ತದೆ. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ. ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ, ಅದ್ದಿ ಹಿಂಡಿ, ನಾಲಿಗೆ, ವಸಡು, ಕೆನ್ನೆಯ ಒಳಭಾಗ ನಿಧಾನ ಒರೆಸಿ. ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಬಿಳಿ ಪದರ ಕಂಡರೆ ನರ್ಸಿಗೆ ಹೇಳಿ, ಅದಕ್ಕೆ ಬೇರೆ ಔಷಧಿ ಬೇಕು.

ಉಣಿಸುವಾಗ ಎಬ್ಬಿಸಿ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಸಣ್ಣ ಚಮಚದಲ್ಲಿ ಗಂಜಿ, ನುಚ್ಚು, ತಿಳಿಸಾರು. ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಮಲಗಿಸಿ ಬಾಯಿಗೆ ನೀರು ಬಿಡಬೇಡಿ, ಅದು ಪುಪ್ಪುಸಕ್ಕೆ ಹೋಗುತ್ತದೆ. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ. ಉಂಡ ಮೇಲೆ ಅರ್ಧ ತಾಸು ಕೂತೇ ಇರಲಿ.

ನೋವು

ನೋವಿನಲ್ಲಿ ಬಿದ್ದವರಿಗೆ ಬೇರೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಪ್ರತಿ ಭೇಟಿಯಲ್ಲೂ ನೋವು ಎಲ್ಲಿ, ಯಾವಾಗ ಜಾಸ್ತಿ, ರಾತ್ರಿ ನಿದ್ದೆ ಬಂತಾ ಎಂದು ಕೇಳಿ ಬರೆದುಕೊಳ್ಳಿ.

ನೋವು ಸಹಿಸುವುದೇ ಶಿಲುಬೆ ಹೊರುವುದು ಎಂದು ರೋಗಿಗೆ ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ. ಇವತ್ತು ಜಗತ್ತಿನಾದ್ಯಂತ ಇರುವ ಹಾಸ್ಪಿಸ್ ಸೇವೆಗೆ, ಅಂದರೆ ಗುಣವಾಗದ ರೋಗಿಗಳನ್ನು ಕೊನೆಯ ತನಕ ನೋಡಿಕೊಳ್ಳುವ ಸೇವೆಗೆ, ಹೊಸ ರೂಪ ಕೊಟ್ಟವರು ಲಂಡನ್ನಿನ ಸಿಸೆಲಿ ಸಾಂಡರ್ಸ್. ಆಳವಾದ ಕ್ರೈಸ್ತ ನಂಬಿಕೆಯ ಹೆಣ್ಣುಮಗಳು. ಮೊದಲು ನರ್ಸ್, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಸೇವಕಿ, ಆಮೇಲೆ ಓದಿ ಡಾಕ್ಟರ್. 1948ರಲ್ಲಿ ಆಕೆಯ ವಾರ್ಡಿನಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತ ಕ್ಯಾನ್ಸರಿನಿಂದ ಸಾಯುತ್ತಿದ್ದ. ತನ್ನವರು ಎನ್ನಲು ಯಾರೂ ಇರಲಿಲ್ಲ. ಸಾಯುತ್ತಿರುವವರಿಗೆ ಒಂದು ಒಳ್ಳೆಯ ಮನೆ ಹೇಗಿರಬೇಕು ಎಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಆತ 500 ಪೌಂಡ್ ಬಿಟ್ಟು ಹೋದ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿ. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರುವಾಗಿದ್ದು 1967ರಲ್ಲಿ. ಆಕೆ ಹಿಡಿದ ದಾರಿ ಸರಳ. ನೋವು ಬಂದ ಮೇಲೆ ಔಷಧಿ ಕೊಡುವುದಲ್ಲ, ಗಡಿಯಾರ ನೋಡಿ, ನೋವು ತಿರುಗಿ ಬರುವ ಮುಂಚೆಯೇ ಕೊಡುವುದು.

ಆ ಔಷಧಿ ಹೆಚ್ಚಾಗಿ ಮಾರ್ಫಿನ್. ಬಾಯಿಂದ ನುಂಗುವ ಸಾದಾ ಮಾತ್ರೆಯಾದರೆ ನಾಲ್ಕು ತಾಸಿಗೊಮ್ಮೆ. ಚಟ ಹತ್ತುತ್ತದೆ ಎಂದು ಮನೆಯವರು ಹೆದರಿ ಅರ್ಧ ಮಾತ್ರೆ ಕೊಡುತ್ತಾರೆ, ರಾತ್ರಿದು ತಪ್ಪಿಸುತ್ತಾರೆ. ಡಾಕ್ಟರ್ ಹೇಳಿದಂತೆ ಕ್ಯಾನ್ಸರ್ ನೋವಿಗೆ ಕೊಡುವಾಗ ಆ ಹೆದರಿಕೆ ಬೇಡ ಎಂದು ತಿಳಿಸಿ ಹೇಳಿ. ಮಲ ಕಟ್ಟುವುದು ಮಾತ್ರ ಖಂಡಿತ, ಅದಕ್ಕೇ ಜೊತೆಗೆ ಮಲ ಸಲೀಸಾಗುವ ಔಷಧಿ ಬರೆದಿರುತ್ತಾರೆ, ಅದನ್ನು ಬಿಡಬಾರದು. ಮೂರು ದಿನ ಹೊರಗೆ ಹೋಗಿಲ್ಲ ಎಂದರೆ ನರ್ಸಿಗೆ ಫೋನ್ ಮಾಡಿ. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನದ ಕಡೆ ಸರ್ಕಾರದ ಲೈಸೆನ್ಸಿನಲ್ಲಿ ಅಫೀಮು ಬೆಳೆಯುತ್ತಾರೆ, ಮಾರ್ಫಿನ್ ಬರುವುದು ಅದರಿಂದಲೇ. ಆದರೂ ಹಳ್ಳಿಯ ರೋಗಿಗೆ ಒಂದು ಮಾತ್ರೆ ಸಿಗುವುದು ಕಷ್ಟ. ಇದನ್ನು ನೆನೆಸಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಲು ಮೊದಲಿಗಿಂತ ಸಲೀಸಾಗಿದೆ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿದು, ಆ ವಿಳಾಸ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಮನೆಯಲ್ಲಿ ನೋಡಿಕೊಳ್ಳಲಾಗದ ಕ್ಯಾನ್ಸರ್ ರೋಗಿಗಳಿಗೆ 1999ರಿಂದ ಕರುಣಾಶ್ರಯ ಹಾಸ್ಪಿಸ್ ಇದೆ, ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.

"ಒಂದ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡ್ರಿ" ಎಂದಾಗ

ಈ ಮಾತು ನೀವು ಖಂಡಿತ ಕೇಳುತ್ತೀರಿ. ಆಗ "ಹಂಗೆಲ್ಲಾ ಅನಬಾರದು, ಪಾಪ" ಎಂದು ಬಾಯಿ ಮುಚ್ಚಿಸಬೇಡಿ. ಬಾಯಿ ಮುಚ್ಚಿಸಿದರೆ ಮುಂದಿನ ಮಾತು ಒಳಗೇ ಉಳಿಯುತ್ತದೆ. ಕುರ್ಚಿ ಹತ್ತಿರ ಎಳೆದುಕೊಂಡು "ಯಾಕ್ರೀ ಹಂಗನಸ್ತೈತಿ?" ಎಂದು ಕೇಳಿ. ಸುಮ್ನೆ ಕಾಯಿರಿ. ಹೆಚ್ಚಿನ ಸಲ ಬರುವ ಉತ್ತರ ಮೂರರಲ್ಲಿ ಒಂದು. ನೋವು ತಡೆಯಲಾಗುತ್ತಿಲ್ಲ. ಮಕ್ಕಳಿಗೆ ಭಾರವಾಗಿದ್ದೇನೆ. ಯಾರೂ ಹತ್ತಿರ ಬರುವುದಿಲ್ಲ. ಮೊದಲನೆಯದಕ್ಕೆ ಡಾಕ್ಟರ್ ಬೇಕು, ಅವತ್ತೇ ಬೇಕು. ಎರಡನೆಯದಕ್ಕೆ ಮಕ್ಕಳನ್ನೇ ಹತ್ತಿರ ಕೂರಿಸಿ ಮಾತಾಡಿಸಬೇಕು. ಭಾರ ಎಂದು ಬಾಯಿಬಿಟ್ಟು ಯಾರೂ ಅಂದಿರುವುದಿಲ್ಲ, ಔಷಧಿ ಬಿಲ್ಲಿನ ಮಾತು ಗೋಡೆ ಆಚೆಯಿಂದ ಕಿವಿಗೆ ಬಿದ್ದಿರುತ್ತದೆ. ಮೂರನೆಯದಕ್ಕೆ ನೀವೇ ಉತ್ತರ. ಮುಂದಿನ ಗುರುವಾರ ಹೋಗಿ.

ಜೀವ ತೆಗೆದುಕೊಳ್ಳುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿ ಮೂಲೆಯಲ್ಲೇ ಇರುತ್ತದೆ. ಅದನ್ನೂ, ಉಳಿದ ಮಾತ್ರೆಗಳನ್ನೂ ಅವತ್ತೇ ಬೀಗದೊಳಗೆ ಇಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಜೀವಕ್ಕೆ ಬೆಲೆ ಕೊಡುವುದು ಎಂದರೆ ಹೇಗಾದರೂ ಮಾಡಿ ಉಸಿರು ಎಳೆಯುತ್ತಾ ಇಡುವುದಲ್ಲ. ಗುಣವಾಗದ ರೋಗ ಕೊನೆಗೆ ಬಂದಾಗ, ವೆಂಟಿಲೇಟರ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದು ರೋಗಿಯೇ ಕೇಳಿದರೆ, ಮಕ್ಕಳು "ನಾವ ಕೊಂದಂಗ ಆಗ್ತೈತಲ್ರೀ" ಎಂದು ಒದ್ದಾಡುತ್ತಾರೆ. ಹಾಗಲ್ಲ. 1957ರಲ್ಲೇ ಪೋಪ್ 12ನೇ ಪಯಸ್ ಡಾಕ್ಟರುಗಳ ಪ್ರಶ್ನೆಗೆ ಉತ್ತರ ಕೊಡುತ್ತಾ, ಸಾಮಾನ್ಯ ಚಿಕಿತ್ಸೆ ಕೊಡುವುದು ಕರ್ತವ್ಯ, ರೋಗಿಗೂ ಮನೆಯವರಿಗೂ ವಿಪರೀತ ಭಾರವಾಗುವ ಚಿಕಿತ್ಸೆ ಕಡ್ಡಾಯವಲ್ಲ ಎಂದು ಬಿಡಿಸಿ ಹೇಳಿದ್ದರು. ನಾವು ಪ್ರಾಟೆಸ್ಟೆಂಟರೂ ಇದನ್ನು ಒಪ್ಪಬಹುದು. ಕೊಲ್ಲುವುದು ಬೇರೆ, ಸಾವು ಬಂದಾಗ ದಾರಿ ಬಿಡುವುದು ಬೇರೆ. ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ಇಚ್ಛಾಪತ್ರವನ್ನು (ಕೊನೆಗಾಲದಲ್ಲಿ ಇಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಒಪ್ಪಿತು, 2023ರಲ್ಲಿ ಅದರ ಕ್ರಮವನ್ನು ಸುಲಭ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ಬುದ್ಧಿ ಸರಿ ಇರುವಾಗ, ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಬಹುದು. ಆಸ್ಪತ್ರೆಯಲ್ಲಿ ಉಪಕರಣ ತೆಗೆಯುವ ಮುಂಚೆ ಡಾಕ್ಟರುಗಳ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ತೀರ್ಮಾನ ರೋಗಿಯದು, ಮನೆಯವರದು. ನಾವು ಯಾವ ಕಡೆಗೂ ನೂಕಬಾರದು.

ಕೊನೆಯ ದಿನಗಳು

ಊಟ ನಿಲ್ಲುತ್ತದೆ. ನಿದ್ದೆ ಜಾಸ್ತಿಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಉಸಿರು ಜೋರಾಗಿ ಬಂದು, ಸ್ವಲ್ಪ ಹೊತ್ತು ನಿಂತು, ಮತ್ತೆ ಬರುತ್ತದೆ. ಗಂಟಲಲ್ಲಿ ಗೊರ ಗೊರ ಶಬ್ದ ಬಂದರೆ ಮಗ್ಗುಲಿಗೆ ಮಲಗಿಸಿ. ನಮಗೆ ಕೇಳಲು ಭಯವಾದರೂ ಅವರಿಗೆ ಅಷ್ಟು ತ್ರಾಸವಿರುವುದಿಲ್ಲ ಎಂದು ಮನೆಯವರಿಗೆ ಹೇಳಿ.

"ಅಕ್ಕಾರ, ಅವ್ವ ಏನೂ ಉಣವಲ್ಲಳ್ರೀ, ಉಪವಾಸ ಕೆಡವಿದಂಗಾಗ್ತೈತಿ" ಎಂದು ಮಗಳು ಅಳುತ್ತಾಳೆ. ಉಣ್ಣದ್ದಕ್ಕೆ ಸಾಯುತ್ತಿಲ್ಲ, ಸಾವು ಹತ್ತಿರ ಬಂದದ್ದಕ್ಕೆ ಮೈಗೆ ಊಟ ಬೇಡವಾಗಿದೆ ಎಂದು ಆಕೆಯ ಕೈ ಹಿಡಿದು ಹೇಳಿ. ಒತ್ತಾಯದಿಂದ ತುರುಕಿದರೆ ಅವ್ವನಿಗೆ ಹಿಂಸೆ. ಉಣಿಸುವ ಕೈಗೆ ಬೇರೆ ಕೆಲಸ ಕೊಡಿ. ಬಾಯಿ ಒದ್ದೆ ಮಾಡುವುದು, ತಲೆ ಬಾಚುವುದು, ಕಾಲಿಗೆ ಎಣ್ಣೆ ಹಚ್ಚುವುದು. ಪ್ರಜ್ಞೆ ಇಲ್ಲ ಎಂದು ಆಸ್ತಿ ಮಾತು, ಮಣ್ಣಿನ ಏರ್ಪಾಟಿನ ಮಾತು ಅಲ್ಲಿ ಆಡಬೇಡಿ. ಕಿವಿ ಕೇಳುತ್ತಿರಬಹುದು.

ಪ್ರಾರ್ಥನೆಯ ವಿಷಯ. ಮೊದಲು ಕೇಳಿ, ಬೇಡ ಎಂದರೆ ಬಿಡಿ. ಕ್ರೈಸ್ತರ ಮನೆಯಾದರೆ 23ನೇ ಕೀರ್ತನೆ, ಸಣ್ಣ ಪ್ರಾರ್ಥನೆ, ಮೆಲ್ಲಗಿನ ದನಿ. ಅವರು ಬಯಸಿದರೆ ಅಯ್ಯನವರನ್ನು (ಸಭೆಯ ಪಾದ್ರಿಯನ್ನು) ಕರೆಸಿ ಕರ್ತನ ಭೋಜನದ ಸಂಸ್ಕಾರ ಕೊಡಿಸಿ, ಪ್ರಜ್ಞೆ ಇರುವಾಗಲೇ ಕರೆಸಿ. ನಮ್ಮ ಗುಂಪು ಹೋಗುವ ಮನೆಗಳಲ್ಲಿ ಲಿಂಗಾಯತರು, ಮುಸ್ಲಿಮರು, ಎಲ್ಲರೂ ಇದ್ದಾರೆ. ಅಲ್ಲಿ ಕರಪತ್ರ ಕೊಡುವುದಿಲ್ಲ, ಧರ್ಮದ ಮಾತು ತೆಗೆಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಬೇಕೆಂದರೆ ನಾವೇ ಹಚ್ಚುತ್ತೇವೆ. ಮೈಯಲ್ಲಿ ಶಕ್ತಿ ಇಲ್ಲದವರ, ಎದ್ದು ಹೊರಗೆ ಹೋಗಲಾಗದವರ ಮುಂದೆ ಕುಳಿತು ಮತ ಬೋಧನೆ ಮಾಡುವುದು ಕರುಣೆಯಲ್ಲ. ಕ್ರಿ.ಶ. 250ರ ಸುಮಾರಿಗೆ ರೋಮ್ ಸಾಮ್ರಾಜ್ಯದಲ್ಲಿ ಭಯಂಕರ ಸಾಂಕ್ರಾಮಿಕ ಬಂದಾಗ, ಕಾರ್ತೇಜಿನ ಬಿಷಪ್ ಸಿಪ್ರಿಯನ್ ತನ್ನ ಸಭೆಗೆ ನಮ್ಮವರನ್ನಷ್ಟೇ ಅಲ್ಲ, ನಮ್ಮನ್ನು ಹಿಂಸಿಸಿದವರನ್ನೂ ನೋಡಿಕೊಳ್ಳಿ ಎಂದು ಬೋಧಿಸಿದ್ದ. ನಮ್ಮ ಪಾಠ ಅಲ್ಲಿಯದು.

"ದೇವರ ಚಿತ್ತ", "ನಂಬಿಕೆ ಇದ್ದಿದ್ರ ಗುಣ ಆಗ್ತಿತ್ತು", "ಯಾರ ಪಾಪಕ್ಕೋ" ಇವು ನಿಮ್ಮ ಬಾಯಲ್ಲಿ ಬರಲೇಬಾರದು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ, ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಏನು ಹೇಳಬೇಕೋ ತಿಳಿಯದಿದ್ದರೆ ಸುಮ್ಮನೆ ಕೂತಿರಿ. ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು, ಅಲ್ಲಿಯವರೆಗೂ ಒಳ್ಳೇ ಸ್ನೇಹಿತರಾಗಿದ್ದರು.

ಆಮೇಲೆ

ಮಣ್ಣು ಆದ ಮರುದಿನದಿಂದ ಆ ಮನೆಗೆ ಬರುವವರು ಕಡಿಮೆಯಾಗುತ್ತಾರೆ. ನೀವು ಗುರುವಾರದ ಭೇಟಿ ನಿಲ್ಲಿಸಬೇಡಿ, ಒಂದೆರಡು ತಿಂಗಳಾದರೂ ಹೋಗಿ. ಉಳಿದ ಮಾರ್ಫಿನ್ ಮಾತ್ರೆ ಮನೆಯಲ್ಲಿ ಇಡಬಾರದು, ಕೊಟ್ಟ ಆಸ್ಪತ್ರೆಗೆ ವಾಪಸ್ ಮುಟ್ಟಿಸಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಓದು ಬರಹ ಬಾರದ ಮನೆಯಾದರೆ ಜೊತೆಗೆ ಹೋಗಿ ಅರ್ಜಿ ತುಂಬಿಕೊಡಿ. ವಿಧವೆಯಾದವರಿಗೆ ಪಿಂಚಣಿ ಅರ್ಜಿ ಹಾಕಿಸಿ. ಇಷ್ಟು ದಿನ ಎತ್ತಿ ಇಳಿಸಿ ಸೊಸೆಯ ಸೊಂಟ ಹಿಡಿದಿರುತ್ತದೆ, ಆಕೆ ಯಾರಿಗೂ ಹೇಳಿರುವುದಿಲ್ಲ. ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸವನ್ನೂ ಅದೇ ನೋಟ್‌ಬುಕ್ಕಿನಲ್ಲಿ, ಅದೇ ಮನೆಯ ಹೆಸರಿನ ಕೆಳಗೆ ಬರೆದುಕೊಳ್ಳಿ.